ತಲೆ ಬಾಚಿದ ತಾಮ್ರದ ಹೆಣ್ಣು

ಹೋದ ತಿಂಗಳು ಮೇರಿಲ್ಯಾಂಡಿನಿಂದ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ಗೆ, ಮಗಳ ಮನೆಗೆ ಹೊರಟಿದ್ದೆವು. ದಾರಿಯಲ್ಲಿ ನಾರ್ತ್ ಕ್ಯಾರೊಲೈನಾದ ಎಲೆನ್ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಿಂತೆವು. ಎಲೆನ್ ಎಂದರೆ ಈಗ ಇಲ್ಲದ ನನ್ನ ಸ್ನೇಹಿತ ವಾಲ್ಟರ್ ಅವರ ಮಗಳು. ತಟ್ಟೆ ತೆಗೆದ ಮೇಲೆ ಅವಳು ಒಳಗಿನಿಂದ ಒಂದು ಪುಟ್ಟ ಕಂದು ಲಕೋಟೆ ತಂದು, ಅದರೊಳಗಿನ ಹತ್ತಿಬಟ್ಟೆಯ ಚೀಲವನ್ನು ಬಗ್ಗಿಸಿ, ಒಂದು ತಾಮ್ರದ ನಾಣ್ಯವನ್ನು ನನ್ನ ಅಂಗೈಗೆ ಸುರಿದಳು. ತಾಮ್ರವನ್ನು ಹಾಗೆ ಅಂಗೈಗೆ ಹಾಕಬಾರದು, ಅಂಚು ಹಿಡಿದು ಎತ್ತಬೇಕು. ನನಗೆ ಅದನ್ನು ಕಲಿಸಿದ್ದು ಇವಳ ಅಪ್ಪನೇ. ಮಗಳಿಗೆ ಯಾಕೋ ಕಲಿಸಿರಲಿಲ್ಲ. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಳೆಯ ತಾಮ್ರ, ಹತ್ತಿ, ನಾಣ್ಯ ಸವರುವ ಕುಂಚದ ಎಣ್ಣೆ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಂತು.

‘ಶಿವ್, ಈಗಲಾದರೂ ಹೇಳಿ,’ ಎಂದಳು ಎಲೆನ್. ‘ಆವತ್ತು ಇದೇ ಟೇಬಲ್ಲಿನಲ್ಲಿ, ಆ ಟವೆಲಿನ ಕೆಳಗೆ, ನಿಮ್ಮ ಮಾವ ನಮ್ಮಪ್ಪನಿಗೆ ಏನು ಹೇಳಿದರು?’

ನನ್ನ ಹೆಂಡತಿ ಗೌರಿ ನನ್ನ ಮುಖ ನೋಡಿದಳು. ನಾನು ನೀರಿನ ಲೋಟ ಎತ್ತಿಕೊಂಡೆ. ಉತ್ತರ ಗೊತ್ತಿಲ್ಲದವನು ನೀರು ಕುಡಿಯುವುದಿಲ್ಲ, ಗೊತ್ತಿದ್ದೂ ಹೇಳಲಾಗದವನು ಕುಡಿಯುತ್ತಾನೆ.

ಅದು ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಆಗಲೂ ನಾವು ಮೇರಿಲ್ಯಾಂಡಿನ ಕೊಲಂಬಿಯಾದಲ್ಲೇ ಇದ್ದೆವು. ಗೌರಿ ಮಕ್ಕಳ ಡಾಕ್ಟರು, ನಾನು ವಾಷಿಂಗ್ಟನ್ ಹತ್ತಿರದ ಒಂದು ಸರ್ಕಾರಿ ಲ್ಯಾಬಿನಲ್ಲಿ ಕೆಮಿಸ್ಟು. ನಮ್ಮ ಕಡೆಯಿಂದ ಬಂದವರಲ್ಲಿ ಕೆಲವರು ಷೇರಿನ ಹಿಂದೆ, ಕೆಲವರು ಟೆನಿಸ್ಸಿನ ಹಿಂದೆ ಬಿದ್ದಿದ್ದಾಗ ನನಗೆ ಹತ್ತಿದ್ದು ತಾಮ್ರದ ಹುಚ್ಚು. ಈ ದೇಶ ಹುಟ್ಟಿದ ಹೊಸದರಲ್ಲಿ ಒಂದು ಸೆಂಟಿಗೆ ದೊಡ್ಡ ನಾಣ್ಯ ಅಚ್ಚು ಹಾಕುತ್ತಿದ್ದರು. ಅಪ್ಪಟ ತಾಮ್ರ, ಈಗಿನ ಸೆಂಟು ಅದರ ಪಕ್ಕದಲ್ಲಿ ಮರಿಯ ಹಾಗೆ ಕಾಣುತ್ತದೆ. ಅಚ್ಚನ್ನು ಕೈಯಲ್ಲೇ ಕೆತ್ತುತ್ತಿದ್ದರು. ಒಂದು ಅಚ್ಚು ಬಿರುಕು ಬಿಟ್ಟರೆ ಇನ್ನೊಂದು ಕೆತ್ತುವುದು. ಹಾಗಾಗಿ ಒಂದೇ ವರ್ಷದ ನಾಣ್ಯದಲ್ಲೂ ಹತ್ತಾರು ಮುಖ. ಇದರ ಮೇಲಿನ ಸ್ವಾತಂತ್ರ್ಯದೇವಿಯ ಕೂದಲ ಎಳೆ ಆ ಕಡೆ, ಅದರ ಹಿಂಬದಿಯ ಹಾರದ ಎಲೆ ಈ ಕಡೆ. ಇಂಥವನ್ನು ಗುರುತು ಹಿಡಿಯುವುದರಲ್ಲಿ ನನ್ನ ಎಷ್ಟೋ ಭಾನುವಾರಗಳು ಕಳೆದುಹೋದವು.

ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಕಿಚಾಯಿಸುತ್ತಿದ್ದರು. ‘ಅಲ್ಲಯ್ಯಾ, ಕಾಸು ಕೊಟ್ಟು ಕಾಸು ತಗೋತೀಯಲ್ಲ, ಅದೂ ಒಂದು ಸೆಂಟು! ಎಲ್ಲಿ ಓದಿದ್ಯೋ?’ ಗೌರಿಯೂ ಅವರ ಜೊತೆ ಸೇರಿಕೊಂಡು, ‘ಇವ್ರ ಹತ್ರ ಇರೋದೆಲ್ಲ ಸವಕಲು ನಾಣ್ಯ. ಜೋಕ್ಸ್ ಕೂಡ ಅವೇ,’ ಎನ್ನುತ್ತಿದ್ದಳು.

ಸವಕಲು ನಾಣ್ಯ ಎಂದರೆ ನಮ್ಮಲ್ಲಿ ಬೈಗುಳ. ಆದರೆ ನಮ್ಮ ಹವ್ಯಾಸವಿರುವುದೇ ಆ ಸವೆತವನ್ನು ಅಳೆಯುವುದರಲ್ಲಿ. ಅಳತೆ ಒಂದರಿಂದ ಎಪ್ಪತ್ತರವರೆಗೆ. ಗುರುತೂ ಸಿಗದಷ್ಟು ತೇದುಹೋಗಿದ್ದರೆ ಒಂದು, ಟಂಕಸಾಲೆಯಿಂದ ಈಗ ತಾನೇ ಬಿದ್ದಂತಿದ್ದರೆ ಎಪ್ಪತ್ತು. ಒಂದರ ನಾಣ್ಯಕ್ಕೆ ಒಂದು ಡಾಲರ್ ಬೆಲೆಯಾದರೆ ಎಪ್ಪತ್ತರದಕ್ಕೆ ಎಪ್ಪತ್ತು ಡಾಲರ್ ಎಂಬುದು ಈ ಅಳತೆ ಕಟ್ಟಿದವರ ಲೆಕ್ಕ. ಬೆಲೆಯ ಲೆಕ್ಕ ಎಂದೋ ಕೆಟ್ಟುಹೋಯಿತು, ಅಳತೆ ಉಳಿಯಿತು. ತಾಮ್ರದವರು ಇದರಲ್ಲಿ ಬಹಳ ಕಟ್ಟುನಿಟ್ಟು. ಮೊದಲು ಸವೆತ ನೋಡಿ ಒಂದು ಅಂಕ ಕೊಡಬೇಕು. ಆಮೇಲೆ ಗೀರು, ಕಿಲುಬು, ಪೆಟ್ಟು, ಕೆಟ್ಟ ಬಣ್ಣ ಒಂದೊಂದಕ್ಕೂ ಕಳೆಯುತ್ತ ಬರಬೇಕು. ಕಳೆದು ಉಳಿದದ್ದು ನಿವ್ವಳ.

ಇದನ್ನು ನನಗೆ ಕಲಿಸಿದವರು ವಾಲ್ಟರ್. ಎರಡು ಬೀದಿ ಆಚೆ ಅವರ ಮನೆ. ಸರ್ಕಾರದ ನಕ್ಷೆ ಬರೆಯುವ ಕಚೇರಿಯಲ್ಲಿದ್ದು ನಿವೃತ್ತರಾದವರು, ಕೂದಲೆಳೆಯನ್ನೂ ಎರಡು ಸಲ ನೋಡುವ ಮನುಷ್ಯ. ಹತ್ತು ವರ್ಷ ಅವರ ಹತ್ತಿರ ಕಲಿತೆ. ನಾನು ಹೆಮ್ಮೆಯಿಂದ ಮೂವತ್ತು ಎಂದದ್ದನ್ನು ಅವರು ಇಪ್ಪತ್ತು ಎಂದು ತಿದ್ದಿ ಲಕೋಟೆಯನ್ನು ನನ್ನತ್ತ ತಳ್ಳುತ್ತಿದ್ದರು. ‘ಬೇಜಾರು ಮಾಡಿಕೊಳ್ಳಬೇಡ ಶಿವ್. ಮನುಷ್ಯರನ್ನು ಹೀಗೆ ಕಳೆಯುತ್ತ ಬಂದರೆ ನಾವೆಲ್ಲ ನಾಲ್ಕಕ್ಕೋ ಐದಕ್ಕೋ ನಿಲ್ಲುತ್ತೇವೆ,’ ಎನ್ನುತ್ತಿದ್ದರು. ಅವರ ಹೆಂಡತಿ ರೂತ್ ತೀರಿಕೊಂಡು ಆಗ ಮೂರು ವರ್ಷವಾಗಿತ್ತು.

ಆ ಜೂನ್‌ನಲ್ಲಿ ವಾಲ್ಟರ್ ಮನೆ ಮಾರಿ ಎಲೆನ್ ಹತ್ತಿರ ಹೋಗಿಬಿಡುವುದೆಂದು ತೀರ್ಮಾನಿಸಿದರು. ತಾಮ್ರವೆಲ್ಲ ಅಟ್ಲಾಂಟಾದ ಒಂದು ಹರಾಜಿಗೆ ಹೋಗಬೇಕು. ‘ನನ್ನ ಕಣ್ಣನ್ನು ಈಗ ನಾನೇ ನಂಬುವುದಿಲ್ಲ. ಪಟ್ಟಿ ನೀನು ಮಾಡು. ನನ್ನ ಅಂಕ ನೋಡದೆ ನಿನ್ನ ಅಂಕ ಬರೆ,’ ಎಂದರು. ಅಂಥ ಗುರು ಅಂಥ ಮಾತು ಹೇಳಿದ್ದಕ್ಕೆ ನನಗೆ ಕಣ್ಣು ತುಂಬಿ ಬಂತು. ಹೂಂ ಎಂದೆ.

ಅದೇ ತಿಂಗಳು ಮಾವನವರು ಬಂದಿಳಿದರು. ಗೌರಿಯ ತಂದೆ ಬೋರೇಗೌಡರು, ಮಂಡ್ಯದ ಕಡೆಯವರು. ಪಶುವೈದ್ಯ ಇಲಾಖೆಯಲ್ಲಿ ಊರೂರು ತಿರುಗಿ ದನಗಳ ವಯಸ್ಸು, ರೋಗ, ತಳಿ ನೋಡಿ ಬರೆಯುವುದರಲ್ಲೇ ನಲವತ್ತು ವರ್ಷ ಕಳೆದವರು. ಅತ್ತೆ ಹೋದಮೇಲೆ ಇದೇ ಮೊದಲ ಸಲ ಬಂದಿದ್ದರು. ಮಗಳು ಕೊಡಿಸಿದ ಜಾಕೆಟ್ಟಿನ ಮೇಲೂ ಹೆಗಲಿಗೆ ಟವೆಲ್ ಹಾಕದೆ ಹೊರಗೆ ಕಾಲಿಡುತ್ತಿರಲಿಲ್ಲ. ಒಂದು ವಾರ ಹುಲ್ಲುಹಾಸು ನೋಡಿದರು. ಎಂಟನೆಯ ದಿನ, ‘ಅಲ್ಲಾ ಅಳಿಯಂದ್ರೆ, ಇಷ್ಟು ಹುಲ್ಲು ಬೆಳುದು ಮಿಷಿನ್‌ನಾಗೆ ಕತ್ತರಿಸಿ ಬಿಸಾಕ್ತಾರಲ್ಲ, ಒಂದ್ ಹಸ ಇಲ್ವಾ ಈ ಸೀಮೇಲಿ?’ ಎಂದರು. ಮನೆಯಲ್ಲಿ ಕೂತು ಕೊರಗುವುದು ಬೇಡವೆಂದು ಅವರನ್ನು ವಾಲ್ಟರ್ ಮನೆಗೆ ಕರೆದುಕೊಂಡು ಹೋಗತೊಡಗಿದೆ.

ವಾಲ್ಟರ್ ಮನೆಯ ಹಿಂದೆ ಸೊಳ್ಳೆ ಪರದೆ ಕಟ್ಟಿದ ಜಗುಲಿ. ಸಂಜೆ ಆರಾದರೂ ಬಿಸಿಲು ಇಳಿಯುತ್ತಿರಲಿಲ್ಲ, ಗಾಳಿ ಬೆವರಿನಷ್ಟೇ ಒದ್ದೆ, ಮರದ ತುಂಬ ಜೀರುಂಡೆಗಳ ಕೂಗು. ವಾಲ್ಟರ್ ಒಂದೊಂದೇ ನಾಣ್ಯವನ್ನು ಮೆದು ಕುಂಚದಿಂದ ಸವರಿ ನನ್ನ ಮುಂದಿಡುತ್ತಿದ್ದರು, ನಾನು ಬರೆಯುತ್ತಿದ್ದೆ. ಮಾವನವರು ಭೂತಗನ್ನಡಿ ಕೇಳಲಿಲ್ಲ. ದೀಪದ ಕೆಳಗೆ ಹಿಡಿದು, ಓರೆ ಮಾಡಿ, ಹೆಬ್ಬೆರಳಿನ ಉಗುರಿನಿಂದ ಅಂಚು ಮಾತ್ರ ಸವರಿ ನೋಡುತ್ತಿದ್ದರು. ಮೊದಲ ದಿನವೇ ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿಯ ಬಿಚ್ಚುಗೂದಲು ಕಂಡು, ‘ಈ ಯಮ್ಮ ಯಾಕೆ ತಲೆ ಕೆದರ್ಕಂಡು ನಿಂತವ್ಳೆ? ಮನೇಲಿ ಯಾರಾದ್ರೂ ಹೋದ್ರಾ?’ ಎಂದು ಕೇಳಿದ್ದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ವಾಲ್ಟರ್ ಕುರ್ಚಿಯಲ್ಲೇ ಹಿಂದಕ್ಕೆ ವಾಲಿ ನಕ್ಕರು. ರೂತ್ ಹೋದಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಟವೆಲಿನ ಆಟ ಶುರುವಾದದ್ದು ಆಗಸ್ಟಿನಲ್ಲಿ. ದನದ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಕೊಟ್ಟು, ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ಮಾವನವರು ಇದನ್ನು ವಾಲ್ಟರ್‌ಗೆ ಕಲಿಸಿದರು. ಬೆರಳನ್ನು ಗಟ್ಟಿಯಾಗಿ ಅದುಮಿದರೆ ಹತ್ತರ ಲೆಕ್ಕ, ಮೆಲ್ಲಗೆ ಹಿಡಿದರೆ ಬಿಡಿ ಲೆಕ್ಕ. ಒಂದು ಬೆರಳು ಅದುಮಿ ಎರಡು ಬೆರಳು ಮೆಲ್ಲಗೆ ಹಿಡಿದರೆ ಹನ್ನೆರಡು. ದರದ ಬದಲು ಇವರು ಅಂಕ ಹೇಳಿಕೊಳ್ಳತೊಡಗಿದರು. ನಾಣ್ಯ ಮೇಜಿನ ಮೇಲೆ, ಟವೆಲ್ ಕೈಗಳ ಮೇಲೆ, ಇಬ್ಬರ ಕಣ್ಣೂ ಎಲ್ಲೋ ದೂರ. ಒಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಇನ್ನೊಬ್ಬರಿಗೆ ಕನ್ನಡ ಸೊನ್ನೆ. ಆದರೂ ಹತ್ತರಲ್ಲಿ ಏಳು ಸಲ ಅಂಕ ಕೂಡುತ್ತಿತ್ತು. ಕೂಡದಿದ್ದಾಗ ಕೈ ಕೈಯಲ್ಲೇ ಚೌಕಾಸಿ ನಡೆಯುತ್ತಿತ್ತು.

‘ಹೆಂಗ್ ಗೊತ್ತಾಗುತ್ತೆ ಮಾವ ನಿಮಗೆ?’ ಎಂದು ಒಮ್ಮೆ ಕೇಳಿದೆ.

‘ಹಲ್ಲು ನೋಡ್ದಂಗೇ ಕಣಪ್ಪ. ಸವ್ದಿರೋದು ಬೇರೆ, ಸವ್ಸಿರೋದು ಬೇರೆ,’ ಎಂದರು. ತಾನಾಗಿ ಸವೆದದ್ದೇ ಬೇರೆ, ಯಾರೋ ಉಜ್ಜಿದ್ದೇ ಬೇರೆ ಎಂದು ಅರ್ಥ. ಸಂತೆಗೆ ಮುದಿ ಎತ್ತನ್ನು ತಂದು ಹಲ್ಲಿಗೆ ಅರ ಹಾಕಿ, ಕೊಂಬು ಹೆರೆದು, ಮೈಗೆ ಎಣ್ಣೆ ಹಚ್ಚಿ ಇನ್ನೂ ಆರೇ ಹಲ್ಲಿನ ಎಳೆಯದು ಎಂದು ಮಾರುವವರಿದ್ದರಂತೆ. ‘ದುಡ್ಡಿನ ಮೇಲಾದ್ರೆ ಯಾರು ಮಾಡ್ತಾರೆ ಬುಡಿ,’ ಎಂದು ಸೇರಿಸಿದರು. ಮಾಡುತ್ತಾರೆ ಎಂದು ನಾನು ಹೇಳಲಿಲ್ಲ. ಸವೆದುಹೋದ ಕೂದಲ ಎಳೆಗಳನ್ನು ಸೂಜಿಯಂಥ ಉಳಿಯಲ್ಲಿ ಮತ್ತೆ ಕೆತ್ತುವವರಿದ್ದಾರೆ. ಕೆತ್ತಿದ ಗಾಯ ಕಾಣದಂತೆ ಗಂಧಕ ಹಾಕಿ ಬಣ್ಣ ಕಟ್ಟುವವರಿದ್ದಾರೆ. ಹನ್ನೆರಡರ ನಾಣ್ಯ ಮೂವತ್ತರದಾಗಿಬಿಡುತ್ತದೆ, ಬಲ್ಲವರ ಕೈಗೆ ಸಿಗುವವರೆಗೆ.

ಪಟ್ಟಿ ಮುಗಿಯುತ್ತ ಬಂದ ದಿನ ವಾಲ್ಟರ್ ಒಳಗೆ ಹೋಗಿ ಕೊನೆಯ ಲಕೋಟೆ ತಂದರು. ಸಾವಿರದ ಏಳುನೂರ ತೊಂಬತ್ನಾಲ್ಕರ ಸೆಂಟು. ಕೋಲಿನ ತುದಿಗೆ ಟೋಪಿ ಸಿಕ್ಕಿಸಿ ಹೆಗಲಿಗಿಟ್ಟುಕೊಂಡ, ಬಿಚ್ಚುಗೂದಲ ಸ್ವಾತಂತ್ರ್ಯದೇವಿ. ಅದರ ಕಥೆ ನಮಗೆಲ್ಲ ಗೊತ್ತಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ರೂತ್ ತನ್ನ ಪಿಯಾನೊ ಮಾರಿ ಗಂಡನಿಗೆ ಕೊಡಿಸಿದ ನಾಣ್ಯ ಅದು. ಆ ಪಿಯಾನೊ ಮೇಲೆ ಪಾಠ ಕಲಿಯುತ್ತಿದ್ದ ಎಲೆನ್‌ಗೆ ಆಗ ಹದಿನಾಲ್ಕು ವರ್ಷ. ಮೂರು ದಿನ ಊಟ ಬಿಟ್ಟಿದ್ದಳಂತೆ. ‘ಅಳಬೇಡ ಪುಟ್ಟೀ, ಇದು ಪಿಯಾನೊಗಿಂತ ದೊಡ್ಡದು. ಒಂದು ದಿನ ನಿನಗೇ ತಿಳಿಯುತ್ತದೆ,’ ಎಂದು ರೂತ್ ಸಮಾಧಾನ ಮಾಡಿದ್ದರಂತೆ. ಈಗ ಹರಾಜಿನ ಸುದ್ದಿ ಕೇಳಿ ಎಲೆನ್ ವಾರಕ್ಕೊಂದು ಫೋನು ಮಾಡುತ್ತಿದ್ದಳು: ಅಮ್ಮನ ನಾಣ್ಯ ಕ್ಯಾಟಲಾಗಿನ ಮುಖಪುಟಕ್ಕೆ ಬರಬೇಕು.

ವಾಲ್ಟರ್ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಹತ್ತು ವರ್ಷದಲ್ಲಿ ನಾನು ನೋಡಿದ್ದೇ ಎರಡು ಸಲ, ಅದೂ ಅವರ ಕೈಯಲ್ಲಿದ್ದಾಗ, ದೂರದಿಂದ. ಆ ಸಂಜೆ ಮೊದಲ ಸಲ ಮುಂದಿಟ್ಟರು. ಲಕೋಟೆಯ ಮೇಲೆ ಅವರ ಅಂದವಾದ ಅಕ್ಷರದಲ್ಲಿ ‘ರೂತ್ ಕೊಟ್ಟದ್ದು’ ಎಂದಿತ್ತು. ಅದರ ಕೆಳಗೆ ಮೂವತ್ತು.

ಭೂತಗನ್ನಡಿಯ ಗಾಜು ಹಿಡಿದು ನೋಡಿದೆ. ಕಿವಿಯ ಹಿಂದಿನ ಎಳೆಗಳು ಬೇಕಾದ್ದಕ್ಕಿಂತ ಸ್ಪಷ್ಟವಾಗಿದ್ದವು. ಎಳೆ ಎಳೆಯ ನಡುವೆ ಸಣ್ಣ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಬಣ್ಣ ನುಣ್ಣಗೆ, ಎಲ್ಲ ಕಡೆ ಒಂದೇ ಸಮ; ಇನ್ನೂರು ವರ್ಷ ಕೈಯಿಂದ ಕೈಗೆ ಹೋದ ತಾಮ್ರ ಹಾಗಿರುವುದಿಲ್ಲ. ಸವೆತಕ್ಕೆ ಹದಿನೈದು ಕೊಡಬಹುದಿತ್ತು, ಉಳಿಯ ಕೆಲಸಕ್ಕೂ ಬಣ್ಣಕ್ಕೂ ಕಳೆದರೆ ನಿವ್ವಳ ಎಂಟು. ರೂತ್‌ಗೆ ಯಾರೋ ಮೋಸ ಮಾಡಿದ್ದರು. ಒಂದು ಪಿಯಾನೊ ನುಂಗಿದ್ದರು.

‘ಚೆನ್ನಾಗಿದೆ ವಾಲ್ಟರ್. ನಿಧಾನವಾಗಿ ನೋಡಿ ಬರೆಯುತ್ತೇನೆ,’ ಎಂದು ಗಾಜು ಕೆಳಗಿಟ್ಟೆ. ಹತ್ತು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ಸುಳ್ಳು. ಮಾವನವರು ನಾಣ್ಯವನ್ನು ದೀಪಕ್ಕೆ ಓರೆ ಮಾಡಿ ನೋಡಿ ಕೆಳಗಿಟ್ಟುಬಿಟ್ಟರು. ಅಂದು ಟವೆಲ್ ಹೆಗಲಿಂದ ಇಳಿಯಲಿಲ್ಲ.

ಮನೆಗೆ ನಡೆದು ಬರುವಾಗ ದಾರಿಯಲ್ಲಿ ಅವರೇ ಬಾಯಿ ಬಿಟ್ಟರು. ‘ಅಳಿಯಂದ್ರೆ, ಈ ಯಮ್ಮನ ತಲೆ ಯಾರೋ ಬಾಚವ್ರೆ.’

‘ಮೆಲ್ಲಗೆ ಮಾವ,’ ಎಂದೆ, ಬೀದಿಯಲ್ಲಿ ಕನ್ನಡ ಬಲ್ಲವರು ಇದ್ದಾರೇನೋ ಎಂಬಂತೆ. ‘ಹೆಂಡತಿ ಕೊಟ್ಟದ್ದು. ಈಗ ಅವರೂ ಇಲ್ಲ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತ ನೀವೇ ಹೇಳ್ತೀರಲ್ಲ.’

‘ಕೊಟ್ಟಿಗೇಲಿ ಇರೋಗಂಟ ಎಣಿಸ್ಬಾರ್ದು, ಸರಿ. ಸಂತೆಗೆ ಹೊಡ್ಕಂಡ್ ಹೋದ್ಮ್ಯಾಲೆ ಎಣಿಸ್ದೆ ಬುಡ್ತಾರಾ?’ ಎಂದರು. ‘ನೀವ್ ಹೇಳ್ದೆ ಹೋದ್ರೆ ಅಲ್ಲಿ ನೂರ್ ಜನದ ಮುಂದೆ ಇನ್ಯಾರೋ ಹೇಳ್ತಾರೆ. ಯಾವ್ದು ಮರ್ವಾದೆ?’

ಪಟ್ಟಿಯಲ್ಲಿ ಆ ಒಂದು ಸಾಲಿನ ಮುಂದೆ ಜಾಗ ಖಾಲಿ ಬಿಟ್ಟೆ. ಸೆಪ್ಟೆಂಬರ್ ಪೂರ್ತಿ ಖಾಲಿಯೇ ಇತ್ತು. ವಾಲ್ಟರ್ ಒಂದೆರಡು ಸಲ, ‘ರೂತ್‌ದು ಏನಾಯಿತು?’ ಎಂದರು. ನಾನು ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದೆ. ಗೌರಿಗೆ ಸಿಟ್ಟು ಬಂದಿತ್ತು. ‘ಲ್ಯಾಬಲ್ಲಿ ಒಂದು ಡೆಸಿಮಲ್ ತಪ್ಪಾದ್ರೆ ಊಟ ಬಿಡ್ತೀರಿ. ಇದನ್ನ ಮಾತ್ರ ಹೀಗೆ ಪೋಸ್ಟ್‌ಪೋನ್ ಮಾಡ್ತಿದ್ದೀರಲ್ಲ, ಯಾವ ಸೀಮೆ ಸೈಂಟಿಸ್ಟ್‌ರೀ ನೀವು? ಹೇಳ್ಬಿಡಿ. ನಾನು ದಿನಾ ತಂದೆ ತಾಯಿಗಳಿಗೆ ಇದಕ್ಕಿಂತ ಕಷ್ಟದ್ದು ಹೇಳ್ತೀನಿ.’ ಅವಳು ಹೇಳಿದ್ದು ಸರಿ. ಆದರೆ ಅವಳ ಹತ್ತಿರ ಬರುವವರು ನಿಜ ತಿಳಿಯಲೆಂದೇ ಬರುತ್ತಾರೆ. ವಾಲ್ಟರ್‌ಗೆ ತಿಳಿಯಬೇಕಾಗಿದೆಯೇ ಎಂಬುದೇ ನನಗೆ ತಿಳಿದಿರಲಿಲ್ಲ.

ಅಕ್ಟೋಬರ್ ಎರಡನೆಯ ವಾರ ಹೊರಟೆವು. ವಾಲ್ಟರ್ ಅಂಚೆಯನ್ನು ನಂಬುವವರಲ್ಲ. ಅಟ್ಲಾಂಟಾಕ್ಕೆ ಹೋಗಿ ಕೈಯಾರೆ ಒಪ್ಪಿಸಬೇಕೆಂದರು. ಮುಂದೆ ನಾನು, ಪಕ್ಕದಲ್ಲಿ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ವಾಲ್ಟರ್, ಹಿಂದೆ ಮಾವನವರು, ಅವರ ಪಕ್ಕ ಗೌರಿ ಕಟ್ಟಿಕೊಟ್ಟ ಪುಳಿಯೋಗರೆ. ವರ್ಜೀನಿಯಾದಲ್ಲಿ ಎಲೆ ಕೆಂಪಾಗಿತ್ತು. ಕ್ಯಾರೊಲೈನಾ ಗಡಿ ದಾಟುತ್ತಿದ್ದಂತೆ ಮತ್ತೆ ಹಸಿರು, ರಸ್ತೆಯ ಎರಡೂ ಕಡೆ ಹತ್ತಿ ಬಿರಿದು ನಿಂತಿತ್ತು. ಮಾವನವರು ಕಾರು ನಿಲ್ಲಿಸಿ ಎಂದರು. ಇಳಿದು ಹೋಗಿ ಒಂದು ಕಾಯಿ ಮುಟ್ಟಿ ನೋಡಿ ಬಂದರು. ಆ ದಿನವೆಲ್ಲ ಸಂತೋಷವಾಗಿದ್ದರು. ನಾನು ಮಾತ್ರ ಆ ಖಾಲಿ ಜಾಗವನ್ನು ಎದೆಯಲ್ಲಿಟ್ಟುಕೊಂಡು ಡ್ರೈವ್ ಮಾಡುತ್ತಿದ್ದೆ.

ಸಂಜೆಯ ಊಟ ಎಲೆನ್ ಮನೆಯಲ್ಲಿ. ಅವಳ ಗಂಡ ಮಾವನವರಿಗಾಗಿ ತರಕಾರಿ ಮಾತ್ರ ಹಾಕಿ ಏನೋ ಬೇಯಿಸಿದ್ದ. ಊಟ ಮುಗಿಯುತ್ತಿದ್ದಂತೆ ಎಲೆನ್ ಮೇಜು ಒರೆಸಿ, ಒಂದು ಬಿಳಿ ಬಟ್ಟೆ ಹಾಸಿದಳು.

‘ಅಪ್ಪಾ, ಅಮ್ಮನ ನಾಣ್ಯ ತೋರಿಸು. ಶಿವ್, ನೀವೇ ಹೇಳಬೇಕು. ಇದಕ್ಕೆ ಎಷ್ಟು ಅಂಕ? ನಾಳೆ ಅವರು ಎಷ್ಟು ಬರೆದುಕೊಳ್ಳುತ್ತಾರೆ?’ ಅವಳು ನಗುತ್ತಿದ್ದಳು, ಆದರೆ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ‘ಆ ಪಿಯಾನೊ ಎಷ್ಟು ದೊಡ್ಡದಾಯಿತು ಅಂತ ನನಗೆ ತಿಳಿಯಬೇಕು, ಅಷ್ಟೇ.’

ವಾಲ್ಟರ್ ಲಕೋಟೆ ತೆಗೆದು ನಾಣ್ಯವನ್ನು ಬಟ್ಟೆಯ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮೂವತ್ತು ಎಂದರೆ ನಾಳೆ ಅಟ್ಲಾಂಟಾದಲ್ಲಿ ಬಯಲಾಗುತ್ತದೆ. ಎಂಟು ಎಂದರೆ ಇಲ್ಲೇ, ಈ ಹುಡುಗಿಯ ಮುಂದೆ, ಅವಳ ಅಮ್ಮ ಇನ್ನೊಮ್ಮೆ ಸಾಯುತ್ತಾಳೆ.

ಆಗ ಮಾವನವರು ಕೆಮ್ಮಿದರು. ‘ಅವ್ರೇನ್ ಕೇಳ್ತಾವ್ರೆ, ದರ ತಾನೆ?’ ಎಂದು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ‘ದರ ಅಂದ್ಮ್ಯಾಲೆ ಬಾಯಲ್ಲಿ ಹೇಳ್ತಾರಾ? ಅದ್ಯಾವ ಸಂತೆ?’ ಎಂದವರೇ ಕುರ್ಚಿಯನ್ನು ವಾಲ್ಟರ್ ಪಕ್ಕಕ್ಕೆ ಎಳೆದುಕೊಂಡು, ಹೆಗಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೆ ಹೊದಿಸಿದರು.

ಎಲೆನ್ ಬೆರಗಾಗಿ ನೋಡಿದಳು. ಇದು ನಮ್ಮ ಕಡೆಯ ಪದ್ಧತಿ ಎಂದು ನಾನು ತೊದಲಿದೆ. ಟವೆಲ್ ಒಂದು ಸಲ ಅಲುಗಿತು. ವಾಲ್ಟರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಬಹಳ ಹೊತ್ತು ಏನೂ ಅಲುಗಲಿಲ್ಲ. ಕೈ ತೆಗೆಯುತ್ತಾರೆ ಎಂದುಕೊಂಡೆ, ತೆಗೆಯಲಿಲ್ಲ. ಮತ್ತೆ ಟವೆಲ್ ಮೆಲ್ಲಗೆ ಅಲುಗಿತು, ಒಂದು ಸಲ, ಇನ್ನೊಂದು ಸಲ. ಮಾವನವರು ವಾಲ್ಟರ್ ಮುಖವನ್ನೇ ನೋಡಿದರು. ಟವೆಲಿನ ವ್ಯಾಪಾರದಲ್ಲಿ ಮುಖ ನೋಡುವಂತಿಲ್ಲ, ಅವರೇ ಹೇಳಿಕೊಟ್ಟ ನಿಯಮ ಅದು.

‘ಏನಾಯಿತು? ಎಷ್ಟು?’ ಎಂದಳು ಎಲೆನ್.

ವಾಲ್ಟರ್ ಟವೆಲ್ ಸರಿಸಿ ಕೈ ಹೊರತೆಗೆದರು. ‘ಟವೆಲಿನ ಕೆಳಗಿನ ದರವನ್ನು ಮೂರನೆಯವರಿಗೆ ಹೇಳುವಂತಿಲ್ಲ, ಮಗಳೇ. ಇವರ ಕಾನೂನು ಅದು. ಆದರೆ ಒಂದು ಮಾತು ಹೇಳಬಲ್ಲೆ. ಇದು ಮಾರುವ ವಸ್ತುವಲ್ಲ ಎಂದು ನಾವಿಬ್ಬರೂ ಒಪ್ಪಿದೆವು.’ ನಾಣ್ಯವನ್ನು ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟರು. ‘ಇದು ನಿನ್ನದು. ಪಿಯಾನೊ ನಿನ್ನದೇ ಆಗಬೇಕಿತ್ತಲ್ಲ.’

ಎಲೆನ್ ಅತ್ತಳು. ಮುಖಪುಟದ ಆಸೆ ಅಲ್ಲಿಗೆ ಮುಗಿಯಿತು. ಮಾವನವರು ಟವೆಲಿನಲ್ಲಿ ಹಣೆ ಒರೆಸಿಕೊಂಡು, ‘ಇನ್ನೊಂದ್ ಲೋಟ ನೀರು ಕೇಳಪ್ಪ,’ ಎಂದರು.

ಮಾರನೆಯ ದಿನ ಅಟ್ಲಾಂಟಾದಲ್ಲಿ ಹರಾಜಿನವರು ಪೆಟ್ಟಿಗೆ ಇಳಿಸಿಕೊಂಡರು. ಪಟ್ಟಿಯ ಆ ಸಾಲನ್ನು ನಾನು ಹೊಡೆದುಹಾಕಿದೆ. ಬರುವಾಗ ವಾಲ್ಟರ್ ಅವರನ್ನು ಎಲೆನ್ ಮನೆಯಲ್ಲೇ ಬಿಟ್ಟು ಬಂದೆವು. ದಾರಿಯಲ್ಲಿ ಎಷ್ಟು ಕೇಳಿದರೂ ಮಾವನವರು ಬಾಯಿ ಬಿಡಲಿಲ್ಲ. ಹತ್ತಿ ಹೊಲದ ಬೆಲೆ ಎಷ್ಟಿರಬಹುದು ಎಂದು ಕೇಳುತ್ತ ಕೂತರು.

ಹರಾಜು ನಡೆದದ್ದು ಜನವರಿಯಲ್ಲಿ. ವಾಲ್ಟರ್ ಅವರ ಎಲ್ಲಕ್ಕಿಂತ ಕುರೂಪಿ ನಾಣ್ಯ, ಕಪ್ಪಾಗಿ, ಮೈತುಂಬ ತೂತಾಗಿ, ನಿವ್ವಳ ಮೂರಕ್ಕೂ ಏದುಸಿರು ಬಿಡುತ್ತಿದ್ದದ್ದು, ಎಲ್ಲಕ್ಕಿಂತ ಹೆಚ್ಚಿಗೆ ಹೋಯಿತು. ಆ ಅಚ್ಚಿನವು ಬೆರಳೆಣಿಕೆಯಷ್ಟೇ ಉಳಿದಿದ್ದವು. ಥಳಥಳ ಹೊಳೆಯುವ ಎಷ್ಟೋ ನಾಣ್ಯಗಳನ್ನು ಅಂದು ಯಾರೂ ಕಣ್ಣೆತ್ತಿ ನೋಡಲಿಲ್ಲವಂತೆ. ವಾಲ್ಟರ್ ಫೋನಿನಲ್ಲಿ ಇದನ್ನು ಹೇಳಿ ನಕ್ಕು, ‘ಬೋರೇಗೌಡರಿಗೆ ತಿಳಿಸು,’ ಎಂದರು. ಅಷ್ಟರಲ್ಲಿ ಮಾವನವರು ಊರು ಸೇರಿ ಎರಡು ತಿಂಗಳಾಗಿತ್ತು.

ಹಿಂದಿನ ನವೆಂಬರಿನಲ್ಲಿ ಅವರನ್ನು ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿಗೆ ಬಿಟ್ಟು ಬರಲು ನಾನೊಬ್ಬನೇ ಹೋಗಿದ್ದೆ. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಕುರ್ಚಿಯಲ್ಲಿ ಕೂತವರು ತಾವಾಗಿಯೇ ಮಾತು ತೆಗೆದರು.

‘ಅಳಿಯಂದ್ರೆ, ನಲವತ್ತು ವರ್ಷ ಹಲ್ಲು ನೋಡಿವ್ನಿ. ಒಡೆಯನ ಮಕ ನೋಡಿ ವಯಸ್ಸು ಹೇಳ್ದೋನಲ್ಲ. ಒಂದ್ ಹಲ್ಲು ಹೆಚ್ಚಿಲ್ಲ, ಒಂದ್ ಹಲ್ಲು ಕಮ್ಮಿಯಿಲ್ಲ. ಆವತ್ತು ಒಂದಿನ ಸುಳ್ಳು ಹೇಳ್ಬುಟ್ಟೆ.’

‘ಎಷ್ಟು ಅಂದ್ರಿ?’

‘ಮೂರು ಬೆರಳು ಅದುಮ್ದೆ. ಮೂವತ್ತು. ಹೆಂಡ್ತಿ ಕೊಟ್ಟಿದ್ದಲ್ವಾ? ನನ್ನೋಳು ಕೊಟ್ಟಿದ್ದನ್ನ ಯಾರಾನಾ ಕಮ್ಮಿ ಅಂದಿದ್ರೆ ನನಗೆ ತಡೆಯಕ್ಕಾಗ್ತಿತ್ತಾ?’ ಸ್ವಲ್ಪ ಹೊತ್ತು ಟವೆಲಿನ ಅಂಚು ತಿರುವಿದರು. ‘ಆ ಯಪ್ಪ ಕೈ ಬುಡ್ನಿಲ್ಲ. ಹಂಗೇ ಹಿಡ್ಕಂಡ್ರು. ಆಮ್ಯಾಕೆ ಮೆಲ್ಲಗೆ ಐದೂ ಬೆರಳು ಹಿಡುದ್ರು, ಬುಟ್ರು. ಮೂರು ಹಿಡುದ್ರು.’

ಐದು, ಮೂರು. ಎಂಟು.

‘ಅವ್ರಿಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣಪ್ಪ,’ ಎಂದರು ಮಾವನವರು. ‘ಅದಕ್ಕೇ ಯಾರ ಕೈಗೂ ಕೊಟ್ಟಿರ್ನಿಲ್ಲ. ಅಷ್ಟು ವರ್ಷ ಆ ಯಮ್ಮನ ಮುಂದೆ ಮೂವತ್ತು ಅಂದ್ಕಂಡೇ ಇದ್ದವ್ರೆ. ನನ್ನ ಸುಳ್ಳು ಅವ್ರಿಗೆ ಬೇಕಾಗಿರ್ನಿಲ್ಲ. ಒಬ್ರಿಗಾದ್ರೂ ನಿಜ ಹೇಳ್ಬೇಕಾಗಿತ್ತು, ಅಷ್ಟೇಯ.’

‘ಟವೆಲಿನ ಕೆಳಗಿನ ಮಾತು ಹೇಳಬಾರದು ಅಂದಿರಿ. ಈಗ ಹೇಳ್ತಿದ್ದೀರಿ?’

‘ವ್ಯಾಪಾರ ಆಗಿದ್ರೆ ಹೇಳ್ತಿರ್ನಿಲ್ಲ. ಆಗ್ನಿಲ್ವಲ್ಲ,’ ಎಂದು ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತರು. ಮತ್ತೆ ಅವರು ಈ ಕಡೆ ಬರಲಿಲ್ಲ. ನಾಲ್ಕು ವರ್ಷದ ಮೇಲೆ ತೀರಿಕೊಂಡಾಗ ವಾಲ್ಟರ್ ನನಗೆ ಒಂದು ಕಾರ್ಡು ಕಳಿಸಿದ್ದರು. ಅದರಲ್ಲಿ ಒಂದೇ ಸಾಲು: ನನ್ನನ್ನು ಸರಿಯಾಗಿ ಅಳೆದ ಮನುಷ್ಯ.

ನೀರಿನ ಲೋಟ ಖಾಲಿಯಾಗಿತ್ತು. ಎಲೆನ್ ಇನ್ನೂ ಕಾಯುತ್ತಿದ್ದಳು. ಅವಳ ಕೂದಲೂ ಈಗ ಪೂರ್ತಿ ಬೆಳ್ಳಗಾಗಿದೆ. ಲಕೋಟೆಯ ಮೇಲೆ ವಾಲ್ಟರ್ ಬರೆದ ಮೂವತ್ತು ಹಾಗೇ ಇತ್ತು. ಆ ಕೈ ಬರೆದ ಅಂಕಗಳಲ್ಲಿ ನನಗೆ ಗೊತ್ತಿರುವ ಒಂದೇ ಒಂದು ಸುಳ್ಳು ಅದು.

‘ಗೌರಿ, ಒಂದು ಟವೆಲ್ ಕೊಡು,’ ಎಂದೆ. ಅವಳು ಅಡುಗೆಮನೆಯಿಂದ ತಟ್ಟೆ ಒರೆಸುವ ಟವೆಲ್ ತಂದು ಕೊಟ್ಟಳು. ಅದನ್ನು ಎಲೆನ್ ಕೈ ಮೇಲೆ ಹೊದಿಸಿ, ಕೆಳಗೆ ಅವಳ ಮೂರು ಬೆರಳು ಹಿಡಿದು ಗಟ್ಟಿಯಾಗಿ ಅದುಮಿದೆ.

‘ಮೂರು?’ ಎಂದಳು.

‘ಮೂವತ್ತು. ನಮ್ಮ ಮಾವ ಹೇಳಿದ್ದು ಇಷ್ಟೇ.’ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳ ಮುಖ ಅರಳಿತು. ತಕ್ಷಣ, ಮಕ್ಕಳು ಕೇಳುವ ಹಾಗೆ, ಮುಂದಿನದನ್ನು ಕೇಳಿದಳು. ‘ಮತ್ತೆ ಅಪ್ಪ? ಅಪ್ಪ ಏನು ಹೇಳಿದ?’

ನಾನು ನಾಣ್ಯವನ್ನು ಅಂಚು ಹಿಡಿದು ಎತ್ತಿ, ಹತ್ತಿಯ ಚೀಲಕ್ಕೆ ಹಾಕಿ, ಲಕೋಟೆಗೆ ಇಳಿಸಿದೆ.

‘ನಿಮ್ಮಪ್ಪ ಕೈ ಬಿಡಲಿಲ್ಲ,’ ಎಂದೆ. ‘ಬಹಳ ಹೊತ್ತು ಬಿಡಲಿಲ್ಲ.’